ಮಕ್ಕಳಿಗಾಗಿಯೇ ಎಂಬ ಮಾತು

ಕಳೆದ ವರ್ಷ ಚಿಂತಾಮಣಿಯ ಪರಿಚಯದ ಮನೆಯೊಂದಕ್ಕೆ ನಾವು ರಾತ್ರಿಯೂಟಕ್ಕೆ ಹೋಗಿದ್ದೆವು. ಆ ಮನೆಯ ಮಗ ಸೌದಿಯ ದಮ್ಮಾಮಿನಿಂದ ನಲವತ್ತೈದು ದಿನಗಳ ರಜೆಯಲ್ಲಿ ಬಂದು ಎರಡು ದಿನವಾಗಿತ್ತು. ಎರಡು ವರ್ಷ ಎಂಟು ತಿಂಗಳ ನಂತರ ಬಂದವನು. ಹೋಗುವಾಗ ಅವನ ಗಂಡುಮಗುವಿಗೆ ಒಂದು ವರ್ಷ ಎರಡು ತಿಂಗಳು, ಈಗ ಹತ್ತಿರಹತ್ತಿರ ನಾಲ್ಕು. ಊಟ ಮುಗಿದು ಹಿರಿಯರೆಲ್ಲ ಎಲೆಯಡಿಕೆ ಹಾಕಿಕೊಂಡು ಮಾತಿಗೆ ಕುಳಿತಿದ್ದರು. ನಿದ್ದೆಗಣ್ಣಿನ ಮಗು ದಾದಿಯ ತೊಡೆಯೇರಿ, ತಂದೆಯ ಕಡೆ ಕೈ ತೋರಿಸಿ, ದಖನಿಯಲ್ಲಿ ಗಟ್ಟಿಯಾಗಿಯೇ ಕೇಳಿತು: “ದಾದಿ, ಇವತ್ತೂ ಇವರು ನಮ್ಮನೇಲೇ ಮಲಗ್ತಾರಾ?”

ಎಲ್ಲರೂ ನಕ್ಕರು. ತಂದೆಯೂ ನಕ್ಕ. ದಾದಿ ಮಾತ್ರ ಮಗುವಿನ ಬಾಯಿಗೆ ಕೈ ಅಡ್ಡವಿಟ್ಟು, “ಹಾಗೆಲ್ಲ ಹೇಳಬಾರದು, ಅಬ್ಬಾ ಅಲ್ವಾ?” ಎಂದರು. ಮಗು ತಪ್ಪೇನೂ ಮಾಡಿರಲಿಲ್ಲ. ಅದರ ಲೆಕ್ಕದಲ್ಲಿ ಅಬ್ಬಾ ಎಂದರೆ ಇಶಾ ನಮಾಝಿನ ನಂತರ ಫೋನಿನಲ್ಲಿ ಬರುವವರು. ಮನೆಯಲ್ಲಿ ಮಲಗುವವರು ಬೇರೆ.

ನಾವು ಹೊರಟಾಗ ಆ ಯುವಕ ಬೀದಿಯ ತಿರುವಿನ ತನಕ ಜೊತೆಗೆ ಬಂದ. ಮೊದಲು ಏನೂ ಮಾತಾಡಲಿಲ್ಲ. ಆಮೇಲೆ, “ಇದೆಲ್ಲ ಯಾರಿಗಾಗಿ ಹೇಳಿ, ಅವನಿಗಾಗಿಯೇ ಅಲ್ವಾ?” ಎಂದ. ನಾವು ಹೌದು ಎಂದೆವು. ಹಾಗೆ ಹೇಳದೆ ಬೇರೇನು ಹೇಳಲು ಸಾಧ್ಯವಿತ್ತು? ಆದರೆ ಮನೆಗೆ ಬಂದ ಮೇಲೆ ನಮಗೆ ನೆಮ್ಮದಿಯಿರಲಿಲ್ಲ. ನಮ್ಮ ಮನೆಗಳಲ್ಲಿ ಎಲ್ಲ ಚರ್ಚೆಗಳನ್ನೂ ಮುಗಿಸಿಬಿಡುವ ಮಾತೊಂದಿದ್ದರೆ ಅದು ಇದೇ: ಮಕ್ಕಳಿಗಾಗಿ. ಈ ಮಾತು ಎಷ್ಟರ ಮಟ್ಟಿಗೆ ನಿಜ ಎಂದು ಯಾರೂ ಕೇಳುವುದಿಲ್ಲ. ಕೇಳುವುದು ಕೃತಘ್ನತೆಯಂತೆ ಕಾಣುತ್ತದೆ. ಆದರೂ ಕೇಳಲೇಬೇಕಾಗಿದೆ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಹೋದವರನ್ನು ಊರಿನಲ್ಲಿ ಕುಳಿತು ನಿಂದಿಸುವುದು ಸುಲಭ, ಆ ಕೆಲಸ ನಮ್ಮದಲ್ಲ. ಶಿಡ್ಲಘಟ್ಟವನ್ನೇ ನೋಡಿ. ರೇಷ್ಮೆಗೂಡಿನ ಮಾರುಕಟ್ಟೆಯ ಸುತ್ತ ಬೆಳೆದ ಊರದು. ಹಿಪ್ಪುನೇರಳೆ ಬೆಳೆದು ಹುಳು ಸಾಕುವ ರೈತರು ಸುತ್ತಲ ಹಳ್ಳಿಗಳವರು. ಗೂಡು ಕೊಂಡು ನೂಲು ತೆಗೆಯುವ ರೀಲರುಗಳಲ್ಲಿ ಬಹುಪಾಲು ನಮ್ಮವರು. ಒಬ್ಬರಿಲ್ಲದೆ ಇನ್ನೊಬ್ಬರ ಒಲೆ ಉರಿಯುವುದಿಲ್ಲ. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಒಮ್ಮೆಗೇ ಶೇ. 5ಕ್ಕೆ ಇಳಿಸಲಾಯಿತು. ಅಗ್ಗದ ಚೀನಾ ರೇಷ್ಮೆಯ ಮುಂದೆ ಗೂಡಿನ ದರ ಕುಸಿಯಿತು. ನೂಲನ್ನು ದಾಸ್ತಾನು ಮಾಡಿದ್ದ ಸಣ್ಣ ರೀಲರನ ಬಂಡವಾಳ ಕಣ್ಣೆದುರೇ ಕರಗಿತು. 2013ರಲ್ಲಿ ಸುಂಕವನ್ನು ಶೇ. 15ಕ್ಕೆ ಏರಿಸಿದರೂ, ಅಷ್ಟರಲ್ಲಿ ಫಿಲೇಚರಿನ ಬಾಗಿಲು ಹಾಕಿದವನಿಗೆ ಅದರಿಂದ ಆಗಬೇಕಾದುದೇನೂ ಇರಲಿಲ್ಲ. ಅಂಥವನು ಪಾಸ್‌ಪೋರ್ಟ್ ಮಾಡಿಸಿದರೆ ದುರಾಸೆ ಎನ್ನಲು ಯಾರಿಗೂ ಹಕ್ಕಿಲ್ಲ.

ನಮ್ಮ ಜಿಲ್ಲೆ ಕೋಲಾರದಿಂದ ಬೇರ್ಪಟ್ಟದ್ದು 2007ರಲ್ಲಿ. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲಿಲ್ಲ, ಇರುವುದೆಲ್ಲ ಕೆರೆ ಮತ್ತು ಕೊಳವೆಬಾವಿ. ಆದ್ದರಿಂದ ಹೊರಗೆ ಹೋಗುವುದು ಒಂದೇ ಸಮುದಾಯದ ಕಥೆಯಲ್ಲ. ಚಿಕ್ಕಬಳ್ಳಾಪುರದ ನಿವೃತ್ತ ಶಿಕ್ಷಕ ದಂಪತಿ ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆಂದು ಆರು ತಿಂಗಳು ಹೋಗಿ ಬರುತ್ತಾರೆ. ಅವರು ಬಂದ ಮೇಲೆ ಬೀಗರು ಆರು ತಿಂಗಳು. ವೀಸಾದ ಅವಧಿಯೇ ಅಜ್ಜ-ಅಜ್ಜಿಯರ ಪಾಳಿಯನ್ನು ನಿರ್ಧರಿಸುತ್ತದೆ. ಗೌರಿಬಿದನೂರು ತಾಲ್ಲೂಕಿನ ಅಲೀಪುರದ ಶಿಯಾ ಬಂಧುಗಳು ಹರಳಿನ ವ್ಯಾಪಾರಕ್ಕೆ ದೂರದೂರ ಹೋಗುವವರು, ವಿದ್ಯೆಗಾಗಿ ಇರಾನಿಗೆ ಹೋಗುವವರು. 2025ರ ಜೂನ್‌ನಲ್ಲಿ ಇರಾನಿನ ಮೇಲೆ ಬಾಂಬುಗಳು ಬಿದ್ದಾಗ ಅಲೀಪುರದ ವಿದ್ಯಾರ್ಥಿಗಳೂ ಅಲ್ಲಿ ಸಿಲುಕಿಕೊಂಡಿದ್ದರು. ಸರ್ಕಾರ ‘ಆಪರೇಷನ್ ಸಿಂಧು’ವಿನ ಮೂಲಕ ಭಾರತೀಯರನ್ನು ಕರೆತರುವ ತನಕ ಊರಿನ ಮನೆಗಳಲ್ಲಿ ಯಾರೂ ಸರಿಯಾಗಿ ಊಟ ಮಾಡಿರಲಾರರು. ದೂರ ಎಂದರೇನೆಂದು ಆಗ ಎಲ್ಲರಿಗೂ ಗೊತ್ತಾಯಿತು.

ಹೆಂಡತಿ ಮಕ್ಕಳನ್ನು ಜೊತೆಗೇ ಕರೆದುಕೊಂಡು ಹೋದರೆ ಪ್ರಶ್ನೆಯೇ ಇಲ್ಲವಲ್ಲ ಎಂದು ತೋರಬಹುದು. ಶಿಡ್ಲಘಟ್ಟದ ಒಬ್ಬ ತಾಯಿ ನಮ್ಮ ಮನೆಯವರಿಗೆ ಹೇಳಿದ್ದನ್ನು ಕೇಳಿದರೆ ಹಾಗೆ ಅನ್ನಿಸುವುದಿಲ್ಲ. ಆಕೆ ಏಳು ವರ್ಷ ಸೌದಿಯಲ್ಲಿದ್ದವರು. ಮೂರನೇ ಮಹಡಿಯ ಎರಡು ಕೋಣೆ. ಗಂಡ ಬೆಳಗ್ಗೆ ಆರಕ್ಕೆ ಹೋದರೆ ರಾತ್ರಿ ಎಂಟಕ್ಕೆ ಬರುವುದು. ಎರಡನೇ ಹೆರಿಗೆಗೆ ಊರಿನಿಂದ ಅಮ್ಮ ಬರಲಾಗಲಿಲ್ಲ. ಆಸ್ಪತ್ರೆಯಿಂದ ಬಂದ ಮೂರನೆಯ ದಿನವೇ ಆಕೆ ಅಡುಗೆಗೆ ನಿಂತರು. ಪಕ್ಕದ ಮನೆಯ ಮಲಯಾಳಿ ಹೆಂಗಸು ಎರಡು ವಾರ ಮಧ್ಯಾಹ್ನದ ಗಂಜಿ ಕೊಟ್ಟು ಹೋದರಂತೆ. ಭಾಷೆ ಬಾರದಿದ್ದರೂ ಆ ಪಾತ್ರೆಯ ಮುಚ್ಚಳದ ಸದ್ದು ಇವತ್ತಿಗೂ ಕಿವಿಯಲ್ಲಿದೆ ಎಂದರು. ಹಿರಿಯ ಮಗ ಕಿಟಕಿಯಿಂದ ಕಾರುಗಳ ಬಣ್ಣ ಎಣಿಸುತ್ತ ದೊಡ್ಡವನಾದ. ಬೇಸಿಗೆಯಲ್ಲಿ ಹಗಲು ಹೊರಗೆ ಕಾಲಿಡುವಂತಿಲ್ಲ. ಶುಕ್ರವಾರ ಸಂಜೆ ಸಮುದ್ರದ ದಂಡೆ, ಅಷ್ಟೇ. ಊರಿಗೆ ಬಂದಾಗ ಮನೆಯ ಮುಂದಿನ ಮೇಕೆಯನ್ನು ಕಂಡು ಆ ಹುಡುಗ, “ಇದು ಯಾರದು, ಹೊರಗೆ ಯಾಕೆ ಬಿಟ್ಟಿದ್ದಾರೆ?” ಎಂದು ಕೇಳಿದನಂತೆ.

ಆದರೂ ಆಕೆ ಒಂದು ಮಾತು ಸೇರಿಸಿದರು: “ಕಷ್ಟ ಇತ್ತು. ಆದ್ರೆ ರಾತ್ರಿ ಎಂಟಕ್ಕೆ ಬಾಗಿಲು ತಟ್ಟೋ ಸದ್ದು ಇತ್ತಲ್ಲ.”

ಆ ಸದ್ದು 2019ರಲ್ಲಿ ನಿಂತಿತು. ಸೌದಿ ಸರ್ಕಾರ 2017ರ ಜುಲೈಯಿಂದ ವಲಸಿಗರ ಅವಲಂಬಿತರ ಮೇಲೆ ಶುಲ್ಕ ವಿಧಿಸಿತ್ತು. ಮೊದಲ ವರ್ಷ ತಲೆಗೆ ತಿಂಗಳಿಗೆ 100 ರಿಯಾಲ್, ನಂತರ ವರ್ಷಕ್ಕೆ ನೂರರಂತೆ ಏರಿ 2020ರ ಜುಲೈ ಹೊತ್ತಿಗೆ 400 ರಿಯಾಲ್. ಹೆಂಡತಿ ಮತ್ತು ಮೂರು ಮಕ್ಕಳಿದ್ದವನು ಆ ದರದಲ್ಲಿ ವರ್ಷಕ್ಕೆ 19,200 ರಿಯಾಲ್ ಕಟ್ಟಬೇಕು. ಇವತ್ತಿನ ನಮ್ಮ ಹಣದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು. ಮನೆಬಾಡಿಗೆ, ಶಾಲೆಯ ಶುಲ್ಕ ಬೇರೆ. ಕಂಪೆನಿಯ ದೊಡ್ಡ ಹುದ್ದೆಯವರಿಗೆ ಅದು ಹೊರೆಯಾಗದಿರಬಹುದು. ಎಲೆಕ್ಟ್ರಿಷಿಯನ್‌ಗೆ, ಮಳಿಗೆಯ ಲೆಕ್ಕಿಗನಿಗೆ ಅದು ಸಂಸಾರವನ್ನು ವಿಮಾನ ಹತ್ತಿಸುವ ಆದೇಶವೇ ಆಗಿತ್ತು. ಆ ವರ್ಷಗಳಲ್ಲಿ ನಮ್ಮ ಊರುಗಳ ಶಾಲೆಗಳಲ್ಲಿ ವರ್ಷದ ನಡುವೆಯೇ ಮಕ್ಕಳನ್ನು ಸೇರಿಸಲು ಬಂದ ತಾಯಂದಿರನ್ನು ನಾವೇ ಕಂಡಿದ್ದೇವೆ. ಶಿಡ್ಲಘಟ್ಟದ ಈ ತಾಯಿ ಅವರಲ್ಲೊಬ್ಬರು. ಗಂಡ ಅಲ್ಲೇ ಉಳಿದರು.

ಇಲ್ಲಿ ಹ. ಉಮರ್(ರ)ರವರ ಕಾಲದ ಒಂದು ಘಟನೆ ನೆನಪಾಗದೆ ಇರದು. ಹಾಲು ಬಿಟ್ಟ ಮಕ್ಕಳಿಗೆ ಬೊಕ್ಕಸದಿಂದ ಭತ್ಯೆ ಕೊಡುವ ಕ್ರಮವನ್ನು ಅವರು ಜಾರಿಗೆ ತಂದಿದ್ದರು. ಒಂದು ರಾತ್ರಿ ಮದೀನಾಕ್ಕೆ ಬಂದಿಳಿದಿದ್ದ ವರ್ತಕರ ಬಿಡಾರದ ಬಳಿ ಕಾವಲಿನಲ್ಲಿದ್ದಾಗ ಮಗುವೊಂದು ಅಳುವುದು ಕೇಳಿಸಿತು. ಮತ್ತೆ ಮತ್ತೆ ಹೋಗಿ ವಿಚಾರಿಸಿದಾಗ, ಉಮರರ ಗುರುತು ಸಿಗದ ಆ ತಾಯಿ ನಿಜ ಹೇಳಿದಳು: ಹಾಲು ಬಿಟ್ಟ ಮಗುವಿಗೆ ಮಾತ್ರ ಖಲೀಫರು ಭತ್ಯೆ ಕೊಡುವುದರಿಂದ ಕಾಲಕ್ಕೆ ಮುಂಚೆಯೇ ಹಾಲು ಬಿಡಿಸುತ್ತಿದ್ದೇನೆ ಎಂದು. ಮರುದಿನದ ಫಜ್ರ್ ನಮಾಝಿನಲ್ಲಿ ಅವರ ಅಳುವಿನಿಂದಾಗಿ ಪಾರಾಯಣವೇ ಸ್ಪಷ್ಟವಾಗಿ ಕೇಳಿಸಲಿಲ್ಲವಂತೆ. ತನ್ನ ನಿಯಮದಿಂದ ಎಷ್ಟು ಮಕ್ಕಳು ನೊಂದಿರಬಹುದೆಂದು ತನ್ನನ್ನೇ ಹಳಿದುಕೊಂಡ ಅವರು, ಇನ್ನು ಹುಟ್ಟಿದ ದಿನದಿಂದಲೇ ಪ್ರತಿ ಮಗುವಿಗೂ ಭತ್ಯೆ ಎಂದು ಸಾರಿಸಿದರು. ಹಣದ ಒಂದು ನಿಯಮ ಮಗುವನ್ನು ತಾಯಿಯ ಎದೆಯಿಂದ ಬೇರ್ಪಡಿಸುತ್ತದೆ ಎಂದು ಗೊತ್ತಾದಾಗ ಆ ಆಡಳಿತಗಾರ ಬದಲಾಯಿಸಿದ್ದು ತಾಯಿಯನ್ನಲ್ಲ, ನಿಯಮವನ್ನು. ಅದೇ ನೆಲದಲ್ಲಿ, ಹದಿನಾಲ್ಕು ಶತಮಾನಗಳ ನಂತರ, ಮಗುವಿನ ತಲೆಗಿಷ್ಟು ಎಂದು ಶುಲ್ಕ ಕಟ್ಟಿಸಿಕೊಳ್ಳಲಾಯಿತು ಎಂಬುದನ್ನು ಹೇಳಲು ನಾವು ಸಂಕೋಚಪಡಬೇಕಾಗಿಲ್ಲ.

ಆದರೆ ಎಲ್ಲ ತಪ್ಪನ್ನೂ ಅರಬರ ಖಜಾನೆಯ ಮೇಲೆ ಹಾಕಿ ಕೈ ತೊಳೆದುಕೊಳ್ಳುವಂತಿಲ್ಲ. ನಮ್ಮ ಮನೆಯೊಳಗಿನ ನಿಯಮಗಳೂ ಇವೆಯಲ್ಲ?

ಪವಿತ್ರ ಕುರ್‌ಆನ್ ಅಲ್‌ಬಕರಃ ಅಧ್ಯಾಯದಲ್ಲಿ ಮಗುವಿಗೆ ಎರಡು ವರ್ಷ ಹಾಲೂಡಿಸುವ ವಿಷಯ ಬರುತ್ತದೆ. ತಾಯಿಯ ಅನ್ನ ಬಟ್ಟೆಗಳ ಹೊಣೆ ತಂದೆಯದು ಎಂದು ಹೇಳುವ ಆ ಸೂಕ್ತವೇ, ಅವಧಿಗೆ ಮುಂಚೆ ಹಾಲು ಬಿಡಿಸುವುದಾದರೆ ತಾಯಿ ತಂದೆ ಇಬ್ಬರೂ ಪರಸ್ಪರ ಒಪ್ಪಿ, ಸಮಾಲೋಚಿಸಿ ಮಾಡಬೇಕೆಂದು ವಿಧಿಸುತ್ತದೆ. ಮಗು ಕಾರಣವಾಗಿ ತಾಯಿಗಾಗಲಿ ತಂದೆಗಾಗಲಿ ಹಾನಿ ತಟ್ಟಬಾರದೆಂದೂ ಹೇಳುತ್ತದೆ. ಮಗುವನ್ನು ಎದೆಹಾಲಿನಿಂದ ಬಿಡಿಸಲೇ ಇಷ್ಟು ಸಮಾಲೋಚನೆ ಬೇಕಾದರೆ, ತಂದೆಯಿಂದ ಬಿಡಿಸುವಾಗ ಎಷ್ಟು ಬೇಕು? ದಮ್ಮಾಮಿನ ಯುವಕನ ಹೆಂಡತಿಯನ್ನು ನಮ್ಮ ಮನೆಯವರು ಕೇಳಿದ್ದರು, ಹೋಗುವ ಮೊದಲು ನಿನ್ನನ್ನು ಕೇಳಿದ್ದನೇನಮ್ಮ ಎಂದು. ಆಕೆ ಪಾತ್ರೆ ತೊಳೆಯುತ್ತಲೇ ಉತ್ತರಿಸಿದಳು: “ಕೇಳಿದ್ರು. ಟಿಕೆಟ್ ತೋರಿಸಿ ಕೇಳಿದ್ರು.”

ಹ. ಉಮರ್(ರ)ರವರೇ ಇನ್ನೊಂದು ರಾತ್ರಿ, ಯುದ್ಧಕ್ಕೆ ಹೋದ ಪತಿಯನ್ನು ನೆನೆದು ಹಾಡುತ್ತಿದ್ದ ಹೆಂಗಸಿನ ದನಿ ಕೇಳಿದರು. ತಮ್ಮ ಮಗಳು ಹಫ್ಸಾ(ರ)ರನ್ನು ವಿಚಾರಿಸಿ, ಸೈನಿಕರನ್ನು ಇಂತಿಷ್ಟು ತಿಂಗಳಿಗಿಂತ ಹೆಚ್ಚು ಕಾಲ ಮನೆಯಿಂದ ದೂರ ಇರಿಸಬಾರದೆಂದು ಆಜ್ಞೆ ಮಾಡಿದರು. ನಾಲ್ಕು ತಿಂಗಳೆಂದೂ ಆರು ತಿಂಗಳೆಂದೂ ವರದಿಗಳಿವೆ. ಆರೇ ಎಂದಿಟ್ಟುಕೊಳ್ಳಿ. ನಮ್ಮಲ್ಲಿ ಎರಡು ವರ್ಷ ಎಂಟು ತಿಂಗಳು ಎಂದರೆ ಯಾರಿಗೂ ಆಶ್ಚರ್ಯವಾಗುವುದಿಲ್ಲ. ಮದುವೆಯ ಸಭೆಯಲ್ಲಿ ಮಹರ್ ಎಷ್ಟು, ಬಂದವರೆಷ್ಟು ಎಂದು ಕೇಳುವ ನಾವು, ವರ ಮತ್ತೆ ಯಾವಾಗ ಬರುತ್ತಾನೆ ಎಂದು ಕೇಳುವುದಿಲ್ಲ.

ಇದಕ್ಕೊಂದು ಬಲವಾದ ಪ್ರತಿವಾದವಿದೆ, ಅದನ್ನು ಮರೆಮಾಚಬಾರದು. ಪ್ರವಾದಿ ಮುಹಮ್ಮದ್(ಸ)ರವರು ತಂದೆಯ ಮುಖವನ್ನೇ ನೋಡಲಿಲ್ಲ. ಎಳೆಯ ವರ್ಷಗಳನ್ನು ತಾಯಿಯ ಮನೆಯಲ್ಲೂ ಕಳೆಯಲಿಲ್ಲ. ಮರುಭೂಮಿಯ ಹಲೀಮಾರ ಮಡಿಲಲ್ಲಿ ಬೆಳೆದರು. ಮಕ್ಕಾದ ಕುಲೀನರಲ್ಲಿ ಅದು ವಾಡಿಕೆಯಾಗಿತ್ತು. ಹಾಗಾದರೆ ಚಿಂತಾಮಣಿಯ ದಾದಿಯ ತೊಡೆಯಲ್ಲಿ ಬೆಳೆಯುವ ಮಗುವಿಗೆ ಏನು ಕೊರತೆ? ನಮ್ಮ ಕಡೆಯ ರೈತರನ್ನು ಕೇಳಿದರೂ ಇದೇ ಉತ್ತರ ಬರಬಹುದು. ಮೊಟ್ಟೆಯಿಂದ ಹೊರಬಂದ ಎಳೆಹುಳುವನ್ನು ಈಗ ಬಹಳ ಮಂದಿ ತಾವೇ ಸಾಕುವುದಿಲ್ಲ. ಚಾಕಿ ಕೇಂದ್ರದಲ್ಲಿ ಎರಡನೇ ಜ್ವರ ದಾಟುವ ತನಕ ಎಳೆಸೊಪ್ಪು, ಹದವಾದ ಶಾಖ, ತೇವ ಕೊಟ್ಟು ಸಾಕುತ್ತಾರೆ. ರೈತ ಆಮೇಲೆ ಮನೆಗೆ ತರುತ್ತಾನೆ. ಬೆಳೆ ಚೆನ್ನಾಗಿಯೇ ಬರುತ್ತದೆ. ಬೇರೆಯವರ ಮಡಿಲು ಎಂಬ ಕಾರಣಕ್ಕೇ ಮಗು ಕೆಡುವುದಿಲ್ಲ. ದಾದಿ-ನಾನಿಯರ ಮಡಿಲಲ್ಲಿ ಬೆಳೆದು ಒಳ್ಳೆಯವರಾದ ಎಷ್ಟೋ ಜನರನ್ನು ನಾವು ಬಲ್ಲೆವು. ತಂದೆ ದೂರವಿದ್ದ ಮಾತ್ರಕ್ಕೆ ಮಗು ಹಾಳಾಗುತ್ತದೆ ಎಂದು ಹೆದರಿಸುವ ಉಪದೇಶಕರ ಮಾತನ್ನು ನಾವು ಒಪ್ಪುವುದಿಲ್ಲ. ಅಂಥ ಉಪದೇಶದಿಂದ ಒಂಟಿಯಾಗಿ ಮಕ್ಕಳನ್ನು ಸಾಕುವ ತಾಯಂದಿರಿಗೆ ನೋವು ಹೆಚ್ಚುತ್ತದೆಯೇ ಹೊರತು ಬೇರೆ ಪ್ರಯೋಜನವಿಲ್ಲ.

ನಮ್ಮ ಆಕ್ಷೇಪ ಬೇರೆ. ದೂರ ಇರುವುದಕ್ಕಿಂತಲೂ, ಆ ದೂರಕ್ಕೆ ಮಗುವನ್ನು ಕಾರಣವಾಗಿ ತೋರಿಸುವುದರಲ್ಲಿ ನಮಗೆ ಅನ್ಯಾಯ ಕಾಣುತ್ತದೆ.

ಈ ಮಾತನ್ನು ಬಿಡಿಸಿ ಹೇಳಲು ನಮ್ಮೂರಿನದೇ ಒಂದು ಕಹಿ ನೆನಪನ್ನು ಕೆದಕಬೇಕು. ಸುಮಾರು ಎರಡು ದಶಕಗಳ ಹಿಂದಿನವರೆಗೂ ಕರ್ನಾಟಕದ ರೇಷ್ಮೆ ನೂಲು ತೆಗೆಯುವ ಘಟಕಗಳಲ್ಲಿ, ಹುರಿ ಯಂತ್ರಗಳ ಮುಂದೆ, ಎಂಟು ಹತ್ತು ವರ್ಷದ ಮಕ್ಕಳು ದುಡಿಯುವುದು ಸಾಮಾನ್ಯವಾಗಿತ್ತು. ಕುದಿನೀರಿನಲ್ಲಿ ಬೆಂದ ಗೂಡುಗಳಿಗೆ ಕೈಹಾಕಿ ಬೊಬ್ಬೆಯೆದ್ದ ಬೆರಳುಗಳನ್ನು ನಾವೇ ನೋಡಿದ್ದೇವೆ. ಅವರಲ್ಲಿ ಎಷ್ಟೋ ಮಕ್ಕಳು ಸಂಬಳಕ್ಕೆ ಬಂದವರಲ್ಲ, ಮುಂಗಡಕ್ಕೆ ಬಂದವರು. ಮಗಳ ಮದುವೆಗೋ ಕಾಯಿಲೆಗೋ ತಂದೆ ಮಾಲೀಕನಿಂದ ಹಣ ಪಡೆಯುತ್ತಿದ್ದ. ಅದು ತೀರುವ ತನಕ ಮಗು ಅಲ್ಲಿ ದುಡಿಯಬೇಕಿತ್ತು. 1976ರ ಜೀತ ಪದ್ಧತಿ ರದ್ದತಿ ಕಾನೂನು, 1986ರ ಬಾಲಕಾರ್ಮಿಕ ಕಾನೂನು ಎರಡೂ ಇದ್ದವು. ಆದರೂ 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಭಾರತದ ರೇಷ್ಮೆ ಉದ್ಯಮದ ಜೀತಮಕ್ಕಳ ಬಗ್ಗೆ ವರದಿ ಪ್ರಕಟಿಸಿದಾಗ ಕರ್ನಾಟಕದ ಹೆಸರು ಅದರಲ್ಲಿ ಢಾಳಾಗಿಯೇ ಇತ್ತು. ಆಗ ನಮ್ಮಲ್ಲಿ ಹಲವರು ಸಿಟ್ಟಾದರು, ಉದ್ಯಮಕ್ಕೆ ಕೆಟ್ಟ ಹೆಸರು ತರುವ ಹುನ್ನಾರ ಎಂದರು. ಆದರೆ ಆ ವರದಿಯ ಹಿಂದಿದ್ದ ನೈತಿಕ ಪ್ರಶ್ನೆ ಬಹಳ ಸರಳವಾಗಿತ್ತು: ತಾನು ಪಡೆಯದ ಸಾಲವನ್ನು ಮಗು ಏಕೆ ತೀರಿಸಬೇಕು?

ಈಗ ನಮ್ಮ ಮನೆಗಳಿಗೆ ಬನ್ನಿ. ತಂಗಿಯ ಮದುವೆಗೆ ಮಾಡಿದ ಸಾಲ, ಎರಡಂತಸ್ತಿನ ಮನೆಯ ಸಾಲ, ಅಣ್ಣನ ಪಾಲು ಕೊಂಡ ಸಾಲ, ನೆರೆಯವರು ಕಾರು ತಂದರೆಂದು ನಾವೂ ತಂದ ಕಾರಿನ ಸಾಲ, ಎಲ್ಲವೂ ಕೊನೆಗೆ ಒಂದೇ ತಲೆಬರಹದಡಿ ಬರುತ್ತವೆ: ಮಕ್ಕಳಿಗಾಗಿ. ಹದಿನಾರು ತುಂಬಿದ ಹುಡುಗ ಪರೀಕ್ಷೆಯಲ್ಲಿ ಸೋತಾಗ ಫೋನಿನಿಂದ ಬರುವ ಮಾತು ಏನು? “ನಿನಗಾಗಿ ಹದಿನೈದು ವರ್ಷ ಬಿಸಿಲಲ್ಲಿ ಬೆಂದೆ.” ಹುಡುಗ ಎಂದೂ ಸಹಿ ಹಾಕದ ಪತ್ರಕ್ಕೆ ಅವನನ್ನು ಸಾಲಗಾರನನ್ನಾಗಿ ಮಾಡಿಬಿಟ್ಟೆವು. ಮೊದಲು ಅವನ ಬಾಲ್ಯದಿಂದ ತಂದೆಯನ್ನು ತೆಗೆದೆವು, ಆಮೇಲೆ ಅದರ ಖರ್ಚನ್ನೂ ಅವನ ಹೆಸರಿಗೇ ಬರೆದೆವು. ಫಿಲೇಚರಿನ ಮಗು ಕೈಯಿಂದ ತೀರಿಸುತ್ತಿತ್ತು. ಇವನು ಜೀವಮಾನವಿಡೀ ಕೃತಜ್ಞತೆಯಿಂದ, ಅಪರಾಧ ಭಾವದಿಂದ ತೀರಿಸಬೇಕು. ಹೋಲಿಕೆ ಕಠಿಣವಾಯಿತು ಎನ್ನುವವರಿರಬಹುದು. ಬೆರಳು ಸುಟ್ಟುಕೊಂಡ ಮಗುವಿನ ನೋವು ದೊಡ್ಡದೇ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಲೆಕ್ಕ ಬರೆಯುವ ಕ್ರಮ ಒಂದೇ.

ತಂದೆಯ ಶ್ರಮವನ್ನು ಮಗು ಗೌರವಿಸಬಾರದೇ ಎಂದು ಕೇಳಬಹುದು. ಖಂಡಿತ ಗೌರವಿಸಬೇಕು. ಆದರೆ ಗೌರವ ಬೇರೆ, ಬಾಕಿ ಬೇರೆ. ಮಗುವಿಗೆ ಅನ್ನ, ಬಟ್ಟೆ, ವಿದ್ಯೆ ಕೊಡುವುದು ನಮ್ಮ ಧರ್ಮದಲ್ಲಿ ತಂದೆಯ ಮೇಲಿನ ಕಡ್ಡಾಯ. ಕಡ್ಡಾಯವನ್ನು ಸಲ್ಲಿಸಿದವನು ಉಪಕಾರ ಮಾಡಿದೆನೆಂದು ಬರೆದಿಟ್ಟುಕೊಳ್ಳುವಂತಿಲ್ಲ. ಅನ್ನದಷ್ಟೇ ಮಗುವಿನ ಹಕ್ಕಾದ ಇನ್ನೊಂದಿದೆ. ಪ್ರವಾದಿ(ಸ)ರವರು ಸಜ್ದಾದಲ್ಲಿದ್ದಾಗ ಮೊಮ್ಮಗ ಬೆನ್ನೇರಿದನು. ಮಗು ತಾನಾಗಿ ಇಳಿಯುವ ತನಕ ಅವರು ತಲೆಯೆತ್ತಲಿಲ್ಲ, ಹಿಂದೆ ನಿಂತವರು ಏನಾಯಿತೋ ಎಂದುಕೊಂಡರು. ಆ ಬೆನ್ನು ಅಲ್ಲಿರಬೇಕಾದರೆ ಮನುಷ್ಯ ಅಲ್ಲಿರಬೇಕು. ಅದನ್ನು ತಿಂಗಳ ಕೊನೆಗೆ ಕಳುಹಿಸಲು ಬರುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಎಲ್ಲರೂ ಟಿಕೆಟ್ ಹರಿದು ಹಾಕಿ ಎಂದು ಹೇಳುವಷ್ಟು ಹುಂಬರು ನಾವಲ್ಲ. ಗೂಡು ಮಾರುಕಟ್ಟೆಯಲ್ಲಿ ದಿನಕ್ಕೆ ಎರಡು ಲಾಟು ಕೊಳ್ಳಲೂ ಬಂಡವಾಳವಿಲ್ಲದವನಿಗೆ ಊರಿನಲ್ಲಿರು ಎನ್ನುವುದು ಸುಲಭ. ಕನಿಷ್ಠ ಲೆಕ್ಕವನ್ನಾದರೂ ಪ್ರಾಮಾಣಿಕವಾಗಿ ಬರೆಯಬಹುದು. ತಂಗಿಯ ಮದುವೆಯ ಸಾಲಕ್ಕಾಗಿ ಹೋಗುತ್ತಿದ್ದರೆ ಹಾಗೆಂದೇ ಹೇಳಬಹುದು. ಅದು ನಾಚಿಕೆಯ ವಿಷಯವಲ್ಲ. ಆಗ ತಂಗಿಯ ಮದುವೆಗೆ ಅಷ್ಟು ಖರ್ಚು ಬೇಕಿತ್ತೇ ಎಂಬ ಪ್ರಶ್ನೆ ತಾನಾಗಿ ಎದುರಿಗೆ ಬರುತ್ತದೆ. ‘ಮಕ್ಕಳಿಗಾಗಿ’ ಎಂದರೆ ಆ ಪ್ರಶ್ನೆ ಬರುವುದೇ ಇಲ್ಲ, ಏಕೆಂದರೆ ಮಕ್ಕಳಿಗೆ ಎಷ್ಟು ಕೊಟ್ಟರೂ ಸಾಲದು. ತಂಗಿಯ ಮದುವೆಗೆ, ಮನೆಯ ತಾರಸಿಗೆ ಒಂದು ಮೊತ್ತವಿದೆ. ಮೊತ್ತವಿದ್ದಲ್ಲಿ ಹಿಂತಿರುಗುವ ದಿನವೂ ಇರುತ್ತದೆ. ಗಲ್ಫಿನಲ್ಲಿ ಇಪ್ಪತ್ತು ವರ್ಷ ಕಳೆದವರಲ್ಲಿ ಇಪ್ಪತ್ತು ವರ್ಷಕ್ಕೆಂದು ಹೋದವರು ಬಹಳ ಕಡಿಮೆ. ಎರಡು ವರ್ಷಕ್ಕೆಂದು ಹೋದವರೇ ಹೆಚ್ಚು.

ಊರಿನವರಾದ ನಮ್ಮ ಪಾತ್ರವೂ ಸಣ್ಣದಲ್ಲ. ರಜೆಗೆ ಬಂದವನನ್ನು ನಾವು ಮೊದಲು ಕೇಳುವುದು, “ಮನೆ ಎಲ್ಲಿಗೆ ಬಂತು?” ಎಂದು. ಮಸೀದಿಯ ಕಟ್ಟಡಕ್ಕೆ, ಉರೂಸಿನ ದೀಪಾಲಂಕಾರಕ್ಕೆ ರಸೀದಿ ಪುಸ್ತಕ ಹಿಡಿದು ಅವನ ಮನೆಗೇ ಮೊದಲು ಹೋಗುತ್ತೇವೆ. ಅವನ ನಲವತ್ತೈದು ದಿನಗಳಲ್ಲಿ ಹದಿನೈದನ್ನು ಔತಣಗಳಿಗೇ ಕಿತ್ತುಕೊಳ್ಳುತ್ತೇವೆ. ಆ ರಾತ್ರಿ ಚಿಂತಾಮಣಿಯಲ್ಲಿ ನಾವು ಮಾಡಿದ್ದೂ ಅದೇ. ಆ ಮಗುವಿಗೆ ಪರಿಚಯವಾಗಬೇಕಿದ್ದ ಒಂದು ಸಂಜೆಯನ್ನು ನಾವು ತಿಂದು ಬಂದೆವು.

ಈಚೆಗೆ ಆ ಯುವಕ ದಮ್ಮಾಮಿನಿಂದ ಫೋನ್ ಮಾಡಿದ್ದ. ರಜೆ ಮುಗಿಯುವ ಹೊತ್ತಿಗೆ ಮಗು ಅವನ ಚಾಪೆಗೇ ಬಂದು ಮಲಗತೊಡಗಿತ್ತಂತೆ. ವಿಮಾನ ನಿಲ್ದಾಣಕ್ಕೆ ಮಗುವನ್ನು ಕರೆತರಬೇಡಿ ಎಂದು ಅವನೇ ಹೇಳಿದನಂತೆ. ಈ ಸಲ ನಾವು ಧೈರ್ಯ ಮಾಡಿ ಕೇಳಿದೆವು, ಸಾಲ ಎಷ್ಟು ಉಳಿದಿದೆ ಎಂದು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: ಮದುವೆಯದು ತೀರಿತು, ಮನೆಯದು ಇದೇ ರೀತಿ ಕಟ್ಟಿದರೆ ಇನ್ನು ಎರಡು ವರ್ಷ ಮೂರು ತಿಂಗಳು. ಮೇಲಿನ ಅಂತಸ್ತನ್ನು ಕೈಬಿಟ್ಟರೆ ಹನ್ನೊಂದು ತಿಂಗಳು. ಮೇಲಿನ ಅಂತಸ್ತು ಯಾರಿಗೆ ಎಂದು ಕೇಳಿದೆವು. ಮಗನಿಗೆ ಎಂದ. ಆಮೇಲೆ ತಾನೇ ನಕ್ಕು, ಅವಳನ್ನು ಕೇಳಿ ಹೇಳುತ್ತೇನೆ ಎಂದು ಫೋನ್ ಇಟ್ಟ.